ಶಾಂತಲೆಯನ್ನು ಬರೆದ ದೇಹದಾರ್ಢ್ಯಪಟು

ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟಕ್ಕೆ ಹೋದವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ತಪ್ಪಿಸಿಕೊಳ್ಳುವುದಿಲ್ಲ. ಗಂಗಾಧರೇಶ್ವರನ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುವುದನ್ನು ನೋಡುತ್ತಾರೆ. ಒಳಕಲ್ಲು ತೀರ್ಥದ ಕುಳಿಯೊಳಗೆ ಕೈಯಿಟ್ಟು, ನೀರು ಸಿಕ್ಕರೆ ಪುಣ್ಯವಂತರೆಂದು ಹಿಗ್ಗುತ್ತಾರೆ. ಇನ್ನೂ ಕಸುವುಳ್ಳವರು ಸಮುದ್ರಮಟ್ಟದಿಂದ 1,300 ಮೀಟರಿಗೂ ಮೇಲಿರುವ ನೆತ್ತಿಯನ್ನು ಹತ್ತುತ್ತಾರೆ. ಅಲ್ಲಿ ಯಾರಾದರೊಬ್ಬರು ಕಡಿದಾದ ಬಂಡೆಯತ್ತ ಕೈಮಾಡಿ, ಹೊಯ್ಸಳ ರಾಣಿ ಶಾಂತಲೆ ಇಲ್ಲಿಂದಲೇ ಹಾರಿ ಪ್ರಾಣಬಿಟ್ಟಳು ಎಂದು ಹೇಳುತ್ತಾರೆ. ಆ ಜಾಗಕ್ಕೆ ‘ಶಾಂತಲಾ ಡ್ರಾಪ್’ ಎಂಬ ಹೆಸರೇ ನಿಂತುಬಿಟ್ಟಿದೆ.

ಇತಿಹಾಸ ಇಷ್ಟು ಧಾರಾಳವಾಗಿ ಮಾತನಾಡುವುದಿಲ್ಲ. ಶ್ರವಣಬೆಳಗೊಳದಲ್ಲಿ ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಶಾಸನ, ಆಕೆ ಶಕವರ್ಷ 1053ರಲ್ಲಿ, ಎಂದರೆ ಕ್ರಿ.ಶ. 1131ರಲ್ಲಿ, ಶಿವಗಂಗೆಯಲ್ಲಿ ಮರಣ ಹೊಂದಿದಳೆಂದು ತಿಳಿಸುತ್ತದೆ. ಬಂಡೆಯ ಅಂಚು, ಹಾರಿದ್ದು ಇವೆಲ್ಲ ಜನರ ಬಾಯಲ್ಲಿ ಬೆಳೆದ ಕಥೆ. ಆದರೆ ಶಾಂತಲೆಯನ್ನು ಶಾಸನದ ಕಲ್ಲಿನಿಂದ ಇಳಿಸಿ ಕನ್ನಡದ ಓದುಗರ ಮನೆಯ ಹೆಣ್ಣುಮಗಳನ್ನಾಗಿ ಮಾಡಿದ ಕೀರ್ತಿಯಲ್ಲಿ ದೊಡ್ಡ ಪಾಲು ಒಂದು ಕಾದಂಬರಿಗೆ ಸಲ್ಲಬೇಕು. ಅದು ಕೆ.ವಿ. ಅಯ್ಯರ್ ಅವರ ‘ಶಾಂತಲಾ’.

ಕಾದಂಬರಿಯನ್ನು ಮೆಚ್ಚಿ ಓದಿದ ಅನೇಕರಿಗೆ ಅದರ ಕರ್ತೃವಿನ ಕಸುಬು ಗೊತ್ತಿರಲಿಕ್ಕಿಲ್ಲ. ಆತ ಇತಿಹಾಸದ ಅಧ್ಯಾಪಕರಲ್ಲ, ಪತ್ರಿಕೆಯ ಸಂಪಾದಕರೂ ಅಲ್ಲ. ಬೆಂಗಳೂರಿನಲ್ಲಿ ಡಂಬೆಲ್ಲು, ಬಾರ್‌ಬೆಲ್ಲುಗಳನ್ನು ಎತ್ತಿಸಿ ಹುಡುಗರ ಮೈಕಟ್ಟು ತಿದ್ದುತ್ತಿದ್ದ ವ್ಯಾಯಾಮ ಶಿಕ್ಷಕರು. ಲಂಗೋಟಿಯುಟ್ಟು ನಿಂತ ಅವರ ಛಾಯಾಚಿತ್ರಗಳು ವಿದೇಶದ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಒಂದೇ ಕೈ ಕಬ್ಬಿಣವನ್ನೂ ಎತ್ತಿತು, ವಿಷ್ಣುವರ್ಧನನ ಪಟ್ಟದರಸಿಯ ಕಥೆಯನ್ನೂ ಬರೆಯಿತು ಎಂದರೆ ಇಂದಿಗೂ ಕೇಳಿದವರು ಹುಬ್ಬೇರಿಸುತ್ತಾರೆ.

ಹುಬ್ಬೇರಿಸುವುದಕ್ಕೆ ಕಾರಣವಿದೆ. ಓದುವ ಹುಡುಗ ಕನ್ನಡಕ ಹಾಕಿಕೊಂಡು ಸೊರಗಿರಬೇಕು, ಮೈಬೆಳೆಸಿದವನ ತಲೆ ಖಾಲಿಯಿರಬೇಕು ಎಂಬುದು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಸಿನಿಮಾಗಳಲ್ಲಿ ಬೇರೂರಿದ ನಂಬಿಕೆ. ಗಂಡುಮಗುವಿಗೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಬಾಲ್ಯದಲ್ಲೇ ಹೇಳಿಬಿಡುತ್ತೇವೆ. ಒಬ್ಬನಿಗೆ ‘ಪುಸ್ತಕದ ಹುಳು’ ಎಂಬ ಹೆಸರು, ಇನ್ನೊಬ್ಬನಿಗೆ ‘ಮೈ ಬೆಳೆದಿದೆ, ಬುದ್ಧಿ ಬೆಳೆದಿಲ್ಲ’ ಎಂಬ ಮಾತು. ಈ ಭಾಗಾಕಾರ ಸನಾತನವಾದುದೇನಲ್ಲ. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ ಇದಕ್ಕೆ ನೂರೈವತ್ತು ವರ್ಷಗಳಿಗಿಂತ ಹೆಚ್ಚಿನ ವಯಸ್ಸಿಲ್ಲ ಎನ್ನಬಹುದು.

ಶಾಂತಲೆ ತೀರಿಕೊಂಡ ಕಾಲವನ್ನೇ ತೆಗೆದುಕೊಳ್ಳಿ. ಆಗ ಹೊಯ್ಸಳರಿಗೆ ಅಧಿರಾಜರಾಗಿದ್ದ ಕಲ್ಯಾಣದ ಚಾಲುಕ್ಯರ ಸಿಂಹಾಸನದಲ್ಲಿ ಮೂರನೆಯ ಸೋಮೇಶ್ವರನಿದ್ದ. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥವನ್ನು ರಚಿಸಿದ. ನೂರು ಅಧ್ಯಾಯಗಳ ಈ ವಿಶ್ವಕೋಶದಲ್ಲಿ ರಾಜನಾದವನ ಹವ್ಯಾಸಗಳಿಗೆ ‘ವಿನೋದ’ ಎಂಬ ಹೆಸರಿದೆ. ಮೊದಲಿಗೆ ಬರುವುದು ಶಸ್ತ್ರವಿನೋದ. ಅದರ ಬೆನ್ನಿಗೇ ಶಾಸ್ತ್ರವಿನೋದ. ನಡುವಿನ ವ್ಯತ್ಯಾಸ ಒಂದು ದೀರ್ಘ ಮಾತ್ರ! ಮುಂದೆ ಆನೆ, ಕುದುರೆಗಳ ಪಂದ್ಯ, ಮಲ್ಲವಿನೋದ, ಸಂಗೀತ, ನೃತ್ಯ, ಕಥೆ ಹೇಳುವುದು, ಕೇಳುವುದು ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಪಂಡಿತರ ವಾದವನ್ನು ಕೇಳಿ ತೀರ್ಪು ಕೊಡುವುದೂ ಕುಸ್ತಿಯ ಪಟ್ಟುಗಳನ್ನು ಗುರುತಿಸುವುದೂ ಒಬ್ಬನೇ ವ್ಯಕ್ತಿಗೆ ಇರಬೇಕಾದ ಯೋಗ್ಯತೆಗಳು. ಮಲ್ಲರಲ್ಲಿ ಮೇಲಿನ ದರ್ಜೆಯವರಿಗೆ ಗ್ರಂಥ ಕೊಡುವ ಹೆಸರು ‘ಜ್ಯೇಷ್ಠಿಕ’. ಮೈಸೂರಿನ ದಸರಾದಲ್ಲಿ ತಲೆ ಬೋಳಿಸಿಕೊಂಡು ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳ ಹೆಸರಿನಲ್ಲಿ ಆ ಶಬ್ದ ಇಂದಿಗೂ ಉಳಿದಿದೆ.

ಹಾಗೆಂದು ಆ ಕಾಲವನ್ನು ಚಿನ್ನದ ಕಾಲವೆಂದು ಭಾವಿಸಬೇಕಿಲ್ಲ. ಅರಸನಿಗೆ ವಿನೋದವಾದದ್ದು ಮಲ್ಲನಿಗೆ ಹೊಟ್ಟೆಪಾಡು. ಅವನು ಏನು ತಿನ್ನಬೇಕು, ಎಷ್ಟು ಸಾಮು ಮಾಡಬೇಕು, ಹೆಂಗಸರ ಸಂಗದಿಂದ ಹೇಗೆ ದೂರವಿರಬೇಕು ಎಂಬುದನ್ನೆಲ್ಲ ಅರಸನ ಗ್ರಂಥವೇ ವಿಧಿಸುತ್ತದೆ. ಮಲ್ಲನಿಗೆ ಶಾಸ್ತ್ರವಿನೋದ ಬೇಕೇ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ಎರಡನ್ನೂ ಕೂಡಿಸಿಕೊಳ್ಳುವ ಭಾಗ್ಯ ಉಳ್ಳವರದು. ಆದರೆ ಕೂಡಿಸಿಕೊಳ್ಳುವುದು ದೊಡ್ಡಸ್ತಿಕೆಯ ಲಕ್ಷಣವಾಗಿತ್ತು ಎಂಬುದಂತೂ ನಿಜ. ಹತ್ತನೆಯ ಶತಮಾನದ ಪಂಪ ಕವಿಯೂ ಹೌದು, ಕಲಿಯೂ ಹೌದು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಕನ್ನಡದ ಹಳೆಯ ಗದ್ಯಗ್ರಂಥಗಳಲ್ಲೊಂದಾದ ‘ಚಾವುಂಡರಾಯ ಪುರಾಣ’ (978) ಅವನದು. ಅವನು ನಿಲ್ಲಿಸಿದ ಮೂರ್ತಿಯಾದರೂ ಯಾರದು? ಅಣ್ಣನನ್ನು ಮಲ್ಲಯುದ್ಧದಲ್ಲಿ ಎತ್ತಿ ಹಿಡಿದು, ಗೆದ್ದ ಗಳಿಗೆಯಲ್ಲೇ ಗೆಲುವನ್ನು ಬಿಟ್ಟುಕೊಟ್ಟ ಬಾಹುಬಲಿಯದು. ತೋಳ್ಬಲವೇ ಹೆಸರಾದವನು ತೋಳನ್ನು ಇಳಿಬಿಟ್ಟು ನಿಂತಿದ್ದಾನೆ.

ಶಿವಗಂಗೆಯಿಂದ ಈಶಾನ್ಯಕ್ಕೆ ಹೊರಟು ದೊಡ್ಡಬಳ್ಳಾಪುರವನ್ನು ದಾಟಿದರೆ ದೇವನಹಳ್ಳಿ. ಈಗ ವಿಮಾನ ನಿಲ್ದಾಣದಿಂದಾಗಿ ಹೆಸರಾದ ಈ ಊರಿನ ಕೋಟೆಯನ್ನು 1749ರಲ್ಲಿ ಮೈಸೂರಿನ ಸೇನೆ ಮುತ್ತಿದಾಗಲೇ ಹೈದರಾಲಿಯ ಶೌರ್ಯ ಮೊದಲ ಬಾರಿಗೆ ಬೆಳಕಿಗೆ ಬಂತು. ಅವನ ಮಗ ಟಿಪ್ಪು ಹುಟ್ಟಿದ್ದು ಈ ಊರಿನಲ್ಲೇ. ಟಿಪ್ಪುವಿನ ರಾಜಕೀಯದ ಬಗ್ಗೆ ಜಗಳಗಳು ಮುಗಿಯುವಂತಿಲ್ಲ, ಇಲ್ಲಿ ಅವು ಬೇಕಾಗಿಯೂ ಇಲ್ಲ. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಬೇರೆ. ತನ್ನ ಗಂಡಸುತನವನ್ನು ಲೋಕಕ್ಕೆ ಕಾಣಿಸಲು ಅವನಷ್ಟು ಶ್ರಮಪಟ್ಟ ಅರಸರು ಕಡಿಮೆ. ಸಿಂಹಾಸನದಲ್ಲಿ ಹುಲಿ, ಸೈನಿಕರ ಉಡುಪಿನಲ್ಲಿ ಹುಲಿಪಟ್ಟೆ, ತೋಪಿನ ಬಾಯಲ್ಲಿ ಹುಲಿಮುಖ, ಕತ್ತಿಯ ಹಿಡಿಯಲ್ಲಿ ಹುಲಿತಲೆ. ಅದೇ ಅರಸನ ಅರಮನೆಯಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳ ಭಂಡಾರವಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಲ್ಕತ್ತಕ್ಕೂ ಲಂಡನ್ನಿಗೂ ಹೋದವು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದ.

ಆ ರಾಶಿಯಲ್ಲಿ ಟಿಪ್ಪು ಸ್ವಹಸ್ತದಿಂದ ಬರೆದಿಟ್ಟುಕೊಂಡ ಕನಸುಗಳ ಪುಸ್ತಕವೂ ಇತ್ತು. ಮೂವತ್ತೇಳು ಕನಸುಗಳು. ಅದರಲ್ಲೊಂದು ಮರಾಠರ ಮೇಲೆ ರಾತ್ರಿ ದಾಳಿ ನಡೆಸುವುದಕ್ಕೆ ಮುಂಚೆ ಬಿದ್ದದ್ದು. ಅಪರಿಚಿತನಾದ ಒಬ್ಬ ಚೆಲುವ ತರುಣ ಬಂದು ಹತ್ತಿರ ಕೂರುತ್ತಾನೆ. ಆಮೇಲೆ ತಲೆಗೂದಲು ಬಿಚ್ಚಿ, ಅಂಗಿಯ ಗುಂಡಿ ತೆಗೆದಾಗ ನೋಡಿದರೆ ಅವನು ಹೆಂಗಸು! ಎಚ್ಚರವಾದ ಮೇಲೆ ಟಿಪ್ಪು ಕಂಡುಕೊಂಡ ಅರ್ಥ ಇಷ್ಟು: ಶತ್ರುಗಳು ಗಂಡಸರ ಬಟ್ಟೆ ತೊಟ್ಟಿದ್ದರೂ ರಣದಲ್ಲಿ ಹೆಂಗಸರೇ ಆಗುತ್ತಾರೆ. ಗುಟ್ಟಾಗಿ ಬರೆದಿಟ್ಟುಕೊಂಡ ಈ ಟಿಪ್ಪಣಿ ಬಹಳ ಮಾತನ್ನು ಹೇಳುತ್ತದೆ. ಎರಡು ಸಾವಿರ ಪುಸ್ತಕಗಳ ನಡುವೆ ಮಲಗಿದವನಿಗೂ ತನ್ನ ಗಂಡಸುತನ ಖಾತ್ರಿಯಾಗುವುದಕ್ಕೆ ಇನ್ನೊಬ್ಬರದನ್ನು ಕಸಿಯಬೇಕಾಗಿತ್ತು.

ಟಿಪ್ಪುವನ್ನು ಸೋಲಿಸಿದವರು ಇದೇ ತರ್ಕವನ್ನು ಇಡೀ ದೇಶದ ಮೇಲೆ ಹೂಡಿದರು. ವಾರನ್ ಹೇಸ್ಟಿಂಗ್ಸ್ ಕುರಿತು 1841ರಲ್ಲಿ ಬರೆದ ಪ್ರಬಂಧದಲ್ಲಿ ಮೆಕಾಲೆ ಬಂಗಾಳದ ಗಂಡಸರನ್ನು ಹೆಣ್ಣಿಗರೆಂದು ಚಿತ್ರಿಸಿದ. 1857ರ ದಂಗೆಯ ನಂತರ ‘ಯೋಧ ಜನಾಂಗ’ಗಳೆಂಬ ಸಿದ್ಧಾಂತ ಬೆಳೆಯಿತು. ಪಂಜಾಬಿನವರು, ಗೂರ್ಖಾಗಳು, ಪಠಾಣರು ಹುಟ್ಟಾ ಯೋಧರು. ದಕ್ಷಿಣದವರು ಲೆಕ್ಕಪತ್ರ ಬರೆಯಲು ಲಾಯಕ್ಕು. ಮೊದಲು ಮದರಾಸು ಸೇನೆಯ ಮುಖ್ಯಸ್ಥನಾಗಿ, ನಂತರ 1885ರಿಂದ 1893ರವರೆಗೆ ಇಡೀ ಭಾರತದ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ದಕ್ಷಿಣದ ಸಿಪಾಯಿಗಳ ಬಗ್ಗೆ ಇದೇ ಅಭಿಪ್ರಾಯವುಳ್ಳವನು. ಹೈದರ್, ಟಿಪ್ಪು ಇಬ್ಬರೂ ನಾಲ್ಕು ಯುದ್ಧಗಳಲ್ಲಿ ಕಂಪನಿಯ ಬೆವರಿಳಿಸಿ ನೂರು ವರ್ಷವೂ ಆಗಿರಲಿಲ್ಲ. ಯಾರು ಯೋಧರು ಎಂಬ ವರ್ಗೀಕರಣದಲ್ಲಿ ಸತ್ಯಕ್ಕಿಂತ ರಾಜ್ಯಭಾರದ ಅನುಕೂಲವೇ ಹೆಚ್ಚು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹೊರಗಿನವರು ಅಂದದ್ದಕ್ಕಿಂತ ಒಳಗಿನವರು ಅದನ್ನು ನಂಬಿದ್ದು ದೊಡ್ಡ ಸಂಗತಿ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿತು. ಕಚೇರಿಗಳು ಬೆಳೆದವು, ಶಾಲೆಗಳು ಬೆಳೆದವು. ಮೆಟ್ರಿಕ್ಯುಲೇಷನ್, ಎಫ್.ಎ., ಬಿ.ಎ. ಎಂಬ ಮೆಟ್ಟಿಲುಗಳನ್ನು ಹತ್ತಿ ಗುಮಾಸ್ತೆಯೋ ಅಮಲ್ದಾರನೋ ಆಗುವುದು ಗಂಡುಹುಡುಗನ ಗುರಿಯಾಯಿತು. ಗರಡಿಯ ಕಡೆಗೆ ಹೋಗುವವನು ಓದು ಹತ್ತದವನು ಎಂಬ ಭಾವನೆ ಹುಟ್ಟಿದ್ದು ಆಗಲೇ. ವಿದೇಶದಿಂದ ಮರಳಿದ ವಿವೇಕಾನಂದರು 1897ರಲ್ಲಿ ಮದರಾಸಿನ ತರುಣರಿಗೆ, ಗೀತೆಗಿಂತ ಮೊದಲು ಫುಟ್‌ಬಾಲಿಗೆ ಗಮನ ಕೊಡಿ ಎಂಬರ್ಥದ ಮಾತನ್ನಾಡಿದಾಗ ಅದು ಅಷ್ಟೊಂದು ಸದ್ದು ಮಾಡಿದ್ದಕ್ಕೆ ಈ ಹಿನ್ನೆಲೆಯೇ ಕಾರಣ. ಅದೇ ವರ್ಷ ಕೋಲಾರ ಜಿಲ್ಲೆಯ ದೇವರಾಯಸಮುದ್ರದಲ್ಲಿ ವೆಂಕಟೇಶ ಅಯ್ಯರ್ ಹುಟ್ಟಿದರು.

ಅವರು ಬೆಳೆಯುವ ಹೊತ್ತಿಗೆ ಬಲದ ಪ್ರದರ್ಶನವೇ ಒಂದು ಮನರಂಜನೆಯಾಗಿತ್ತು. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಯೂಜೆನ್ ಸ್ಯಾಂಡೋ 1904–05ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿದ. ಭಾರ ಎತ್ತುವವರು ಅವನಿಗಿಂತ ಮುಂಚೆಯೂ ಬೇಕಾದಷ್ಟು ಮಂದಿ ಇದ್ದರು. ಎತ್ತುವ ಮೈಯನ್ನು ಶಿಲ್ಪದಂತೆ ನೋಡಿಸಿಕೊಳ್ಳುವ ವಿದ್ಯೆಯನ್ನು, ಅದರ ಫೋಟೋವನ್ನು ಮಾರುವ ವಿದ್ಯೆಯನ್ನು ಕಲಿಸಿದವನು ಅವನು. ಅವನ ಹೆಸರು ಭಾರತದ ಮೂಲೆಮೂಲೆಯ ಹುಡುಗರ ಬಾಯಲ್ಲಿ ನಲಿದಾಡಿತು. ನಮ್ಮವರೇ ಆದ, ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ಸರ್ಕಸ್ಸಿನ ಡೇರೆಯಲ್ಲಿ ಎದೆಯುಬ್ಬಿಸಿ ಸರಪಳಿ ಹರಿಯುತ್ತಿದ್ದರು, ಎದೆಯ ಮೇಲೆ ಆನೆ ಹತ್ತಿಸಿಕೊಳ್ಳುತ್ತಿದ್ದರು. ಹೀನಾಯಕ್ಕೆ ಗುರಿಯಾದ ಜನ ಅದನ್ನು ಆಟವೆಂದು ನೋಡಲಿಲ್ಲ, ಉತ್ತರವೆಂದು ನೋಡಿದರು.

ಅಯ್ಯರ್ ಇವೆರಡನ್ನೂ ಜೀರ್ಣಿಸಿಕೊಂಡವರು. 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಅವರ ‘ಹರ್ಕ್ಯುಲಿಸ್ ಜಿಮ್ನಾಷಿಯಂ’ ನಡೆಯುತ್ತಿತ್ತು. ಮುಂದೆ ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆ ನಗರದ ಗುರುತಾಯಿತು. ದೂರದೂರಿನವರಿಗೆ ಅಂಚೆಯ ಮೂಲಕ ಪಾಠ ಹೇಳಿದರು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’, ಮರುವರ್ಷ ‘ಸೂರ್ಯ ನಮಸ್ಕಾರ್’ ಎಂಬ ಇಂಗ್ಲಿಷ್ ಪುಸ್ತಕಗಳು ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ದೊರಕಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಇಂದು ಜಗತ್ತೆಲ್ಲ ಹಬ್ಬಿರುವ ಯೋಗಾಭ್ಯಾಸವನ್ನು ರೂಪಿಸುತ್ತಿದ್ದುದೂ ಅದೇ ದೊರೆಯ ಆಶ್ರಯದಲ್ಲೇ.

ಅಯ್ಯರ್ ಅವರ ವಿಶೇಷವೆಂದರೆ ಅವರು ಕಬ್ಬಿಣ, ಆಸನ ಎರಡರಲ್ಲಿ ಒಂದನ್ನೂ ಬಿಡಲಿಲ್ಲ. ಬೆಂಗಳೂರಿನವರೇ ಆದ ಯೋಗಾಚಾರ್ಯ ಸುಂದರಂ ಅವರೊಡನೆ ಊರೂರು ಸುತ್ತಿ ಪ್ರಾತ್ಯಕ್ಷಿಕೆ ಕೊಟ್ಟರು. ತಮ್ಮ ಮೈಕಟ್ಟಿಗೆ ಡಂಬೆಲ್ಲು, ಸ್ಪ್ರಿಂಗುಗಳಿಗಿಂತ ಹಠಯೋಗದ ಋಣವೇ ಹೆಚ್ಚು ಎಂದು ಹೇಳಿಕೊಂಡರು. ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ್ ಪ್ರತಿನಿಧಿ ಪ್ರಚಾರ ಮಾಡಿದ ಸೂರ್ಯನಮಸ್ಕಾರವನ್ನು ಭಾರ ಎತ್ತುವ ಅಭ್ಯಾಸದೊಡನೆ ಜೋಡಿಸಿದರು. ವಿನಯಕ್ಕೆ ಮಾತ್ರ ಅವರು ಪ್ರಸಿದ್ಧರಲ್ಲ. ದೇವತೆಗಳಿಗೂ ಆಸೆ ಹುಟ್ಟಿಸುವ ದೇಹ ತಮ್ಮದು ಎಂಬರ್ಥದಲ್ಲಿ ತಮ್ಮ ಬಗ್ಗೆ ತಾವೇ ಬರೆದುಕೊಂಡರು! ಈಗ ಓದಿದರೆ ನಗು ಬರುತ್ತದೆ. ಆದರೆ ಗುಮಾಸ್ತೆಗಿರಿಗೇ ಹುಟ್ಟಿದವರೆಂದು ಅನ್ನಿಸಿಕೊಂಡ ಜನರ ನಡುವಿನಿಂದ ಬಂದ ಬ್ರಾಹ್ಮಣರ ಹುಡುಗನೊಬ್ಬ ಬಿಳಿಯರ ಪತ್ರಿಕೆಯಲ್ಲೇ ಹೀಗೆ ಮೈದೆರೆದು ನಿಂತದ್ದರಲ್ಲಿ ಬರಿಯ ಬಡಾಯಿಗಿಂತ ಹೆಚ್ಚಿನದೇನೋ ಇದೆ.

ಬಡಾಯಿಯ ಮಾತು ಬಂದ ಮೇಲೆ ಕೈಲಾಸಂ ಬರದೆ ಇರಲು ಸಾಧ್ಯವಿಲ್ಲ. ‘ಬಂಡ್ವಾಳ್ವಿಲ್ಲದ ಬಡಾಯಿ’ ಬರೆದ ಟಿ.ಪಿ. ಕೈಲಾಸಂ (1884–1946) ಅಯ್ಯರ್ ಅವರಿಗೆ ಗೆಳೆಯರು, ಒಂದರ್ಥದಲ್ಲಿ ಗುರು. ವ್ಯಾಯಾಮಶಾಲೆ ಕೈಲಾಸಂ ಅವರ ಹರಟೆಯ ಅಡ್ಡಾಗಳಲ್ಲಿ ಒಂದು. ದೃಶ್ಯವನ್ನು ಊಹಿಸಿಕೊಂಡರೆ ಸೊಗಸು: ಒಂದು ಕಡೆ ಸಮಯಪಾಲನೆ, ಪಥ್ಯ, ವ್ಯಾಯಾಮವೇ ಉಸಿರಾದ ಅಯ್ಯರ್, ಎದುರಿಗೆ ಒಂದರ ಬೆನ್ನಿಗೆ ಒಂದು ಸಿಗರೇಟು ಹಚ್ಚುತ್ತ, ದೇಹದ ಪರಿವೆಯಿಲ್ಲದೆ ನಾಟಕದ ಮೇಲೆ ನಾಟಕವನ್ನು ಬಾಯಲ್ಲೇ ಕಟ್ಟುತ್ತ ಕುಳಿತ ಕೈಲಾಸಂ. ಅವರ ‘ಟೊಳ್ಳುಗಟ್ಟಿ’ಯ ವಿಷಯವೂ ನಾವು ಹಿಡಿದಿರುವ ಎಳೆಯೇ. ಪರೀಕ್ಷೆಗಳಲ್ಲಿ ಮೇಲುಗೈಯಾದ ಪುಟ್ಟು, ಓದಿನಲ್ಲಿ ಹಿಂದೆ ಬಿದ್ದು ಮನೆಮಂದಿಗೆ ಒದಗುವ ಮಾಧು: ಇಬ್ಬರು ಅಣ್ಣತಮ್ಮಂದಿರಲ್ಲಿ ಟೊಳ್ಳು ಯಾರು, ಗಟ್ಟಿ ಯಾರು? ಮೆಟ್ರಿಕ್ಯುಲೇಷನ್ ಯುಗ ಗಂಡುಹುಡುಗರನ್ನು ಎರಡಾಗಿ ಸೀಳಿದ ರೀತಿಯನ್ನು ಇಷ್ಟು ಚುರುಕಾಗಿ ಹಿಡಿದ ನಾಟಕ ಕನ್ನಡದಲ್ಲಿ ಮತ್ತೊಂದಿಲ್ಲ. ಅದೇ ಕೈಲಾಸಂ ಇಂಗ್ಲಿಷಿನಲ್ಲಿ ಬರೆಯುವಾಗ ಏಕಲವ್ಯನನ್ನೂ ಕರ್ಣನನ್ನೂ ಆರಿಸಿಕೊಂಡರು. ಇಬ್ಬರೂ ಬಲಶಾಲಿಗಳು, ಇಬ್ಬರನ್ನೂ ವಿದ್ಯೆಯ ಬಾಗಿಲಲ್ಲೇ ತಡೆಯಲಾಯಿತು.

ಕೈಲಾಸಂ ಬಗ್ಗೆ ಅಯ್ಯರ್ ನೆನಪಿನ ಪುಸ್ತಕ ಬರೆದರು. ‘ರವಿ ಕಲಾವಿದರು’ ಎಂಬ ಹವ್ಯಾಸಿ ನಾಟಕ ತಂಡವನ್ನು ಕಟ್ಟಿದರು. ಸಣ್ಣಕಥೆಗಳು, ‘ಲೀನಾ’, ‘ಶಾಂತಲಾ’, ‘ರೂಪದರ್ಶಿ’ ಬಂದವು. ಸಾಹಿತ್ಯದ ವೃತ್ತಿಪರರು ಅವರನ್ನು ತಮ್ಮ ಮೊದಲ ಪಂಕ್ತಿಯಲ್ಲಿ ಕೂರಿಸಲು ಹಿಂದೆಗೆದದ್ದುಂಟು. ಓದುಗರಿಗೆ ಆ ಸಂಕೋಚವಿರಲಿಲ್ಲ.

ಇಷ್ಟರಿಂದ ಎಲ್ಲವೂ ಕೂಡಿಬಂತು, ಸೋಮೇಶ್ವರನ ಶಸ್ತ್ರ, ಶಾಸ್ತ್ರಗಳು ಜೆ.ಸಿ. ರಸ್ತೆಯಲ್ಲಿ ಮತ್ತೆ ಒಂದಾದವು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಆ ವ್ಯಾಯಾಮಶಾಲೆಗೆ ಗರಡಿ ಮನೆಯಲ್ಲಿಲ್ಲದ ಒಂದು ವಸ್ತು ಬಂದಿತ್ತು. ಅದು ಕನ್ನಡಿ, ಅದರ ಹಿಂದೆಯೇ ಕ್ಯಾಮರಾ.

ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿಯಂಥ ಊರುಗಳ ಹಳೆಯ ಪೇಟೆಯ ಗರಡಿಗಳನ್ನು ನೆನಪಿಸಿಕೊಳ್ಳಬೇಕು. ತಲೆ ಬಗ್ಗಿಸದೆ ಒಳಗೆ ಹೋಗಲಾಗದ ಚಿಕ್ಕ ಬಾಗಿಲು, ಕಿಟಕಿಯಿಲ್ಲದ ಮಬ್ಬುಗತ್ತಲು, ನಡುವೆ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ, ಕಲ್ಲುಗುಂಡು. ಮಣ್ಣಿಗೆ ಎಣ್ಣೆ, ಅರಿಸಿನ, ಕರ್ಪೂರ, ನಿಂಬೆಯ ರಸ ಕಲಸಿ ಹದ ಮಾಡುತ್ತಾರೆ. ಕಲಿಸುವವನು ಯಾವ ಮತದವನಾದರೂ ‘ಉಸ್ತಾದ್’. ಆ ಕತ್ತಲಲ್ಲಿ ಯಾರಿಗೂ ತನ್ನ ಮೈ ಕಾಣುವುದಿಲ್ಲ. ತನ್ನ ಬಲ ಎಷ್ಟೆಂದು ತಿಳಿಯುವುದು ಎದುರಾಳಿಯ ಹಿಡಿತದಿಂದ, ಇಲ್ಲವೇ ಗುಂಡು ನೆಲಬಿಟ್ಟು ಎದ್ದಿತೇ ಇಲ್ಲವೇ ಎಂಬುದರಿಂದ. ವ್ಯಾಯಾಮಶಾಲೆಯ ಕನ್ನಡಿ ಈ ಅಳತೆಗೋಲನ್ನೇ ಬದಲಿಸಿತು. ಎಷ್ಟು ಎತ್ತಿದೆ ಎಂಬುದಕ್ಕಿಂತ ಎತ್ತಿದವನು ಹೇಗೆ ಕಾಣುತ್ತಾನೆ ಎಂಬುದು ಮುಖ್ಯವಾಯಿತು. ಇಂಚುಪಟ್ಟಿ ಬಂತು: ಎದೆ ಇಷ್ಟು, ತೋಳು ಇಷ್ಟು, ಸೊಂಟ ಇಷ್ಟು. ಗಂಡಸು ತನ್ನ ಮೈಯನ್ನು ಇನ್ನೊಬ್ಬರ ಕಣ್ಣಿನಿಂದ ನೋಡಿಕೊಳ್ಳುವುದನ್ನು ಕಲಿತ. ಹೆಂಗಸರಿಗೆ ಈ ಪಾಠ ಎಂದೋ ಆಗಿತ್ತು!

ಗರಡಿಯಲ್ಲಿ ತಯಾರಾದ ಗಂಡಸುತನ ಇನ್ನೊಂದು ಬಗೆಯದೂ ಆಗಿರುತ್ತಿತ್ತು. ತಿಗಳರ ಕರಗ ಬೆಂಗಳೂರಿನಲ್ಲಿ ಪ್ರಸಿದ್ಧ. ಹೊಸಕೋಟೆಯಲ್ಲಿಯೂ ಸುತ್ತಣ ಇತರ ಊರುಗಳಲ್ಲಿಯೂ ನಡೆಯುತ್ತದೆ. ಬರಿಮೈಯಲ್ಲಿ ಕತ್ತಿ ಹಿಡಿದು ಮುಂದೆ ಸಾಗುವ ವೀರಕುಮಾರರಿಗೆ ಗರಡಿ ಮನೆಯ ನಂಟು ಹಳೆಯದು. ಅವರು ಕಾವಲು ಕಾಯುವುದು ಯಾರನ್ನು? ತಲೆಯ ಮೇಲೆ ಮಲ್ಲಿಗೆಯ ಗೋಪುರ ಹೊತ್ತು, ಕೈಗೆ ಬಳೆ ತೊಟ್ಟು, ಹೆಣ್ಣುಡುಗೆಯಲ್ಲಿ ದ್ರೌಪದಿಯಾಗಿ ನಡೆಯುವ ಒಬ್ಬ ಗಂಡಸನ್ನು. ಅಷ್ಟು ಭಾರವನ್ನು ಕೈ ತಾಗಿಸದೆ ಇರುಳಿಡೀ ಹೊರುವುದಕ್ಕೆ ಕತ್ತು, ಬೆನ್ನು, ಕಾಲುಗಳಲ್ಲಿ ಎಂಥ ಕಸುವು ಬೇಕೆಂಬುದನ್ನು ಭಾರ ಎತ್ತಿದವರೇ ಬಲ್ಲರು. ಬಳೆ ತೊಟ್ಟದ್ದರಿಂದ ಆತನ ಗಂಡಸುತನಕ್ಕೆ ಕುಂದಾಯಿತೆಂದು ಆ ಬೀದಿಗಳಲ್ಲಿ ಯಾರೂ ಹೇಳುವುದಿಲ್ಲ. ಅದೇ ಬೀದಿಗಳಲ್ಲಿ ಉಳಿದ ದಿನಗಳಲ್ಲಿ, ಹೆದರಿದವನಿಗೆ ‘ಬಳೆ ತೊಟ್ಟುಕೋ’ ಎಂದು ಹೀಯಾಳಿಸುವುದೂ ಉಂಟು. ಎರಡೂ ನಮ್ಮವೇ.

ಗರಡಿಯ ಬಾಗಿಲು ಹೆಣ್ಣಿಗೆ ಮುಚ್ಚಿತ್ತು ಎಂಬುದನ್ನೂ ಮರೆಯಬಾರದು. ಅದು ತೆರೆದದ್ದು ಬಹಳ ತಡವಾಗಿ, ಬೇರೆ ಕಡೆಯಿಂದ. ಕೋಡಿ ರಾಮಮೂರ್ತಿ ಹುಟ್ಟಿದ ಶ್ರೀಕಾಕುಳಂ ಸೀಮೆಯಿಂದಲೇ ಬಂದ ಕರಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಆಕೆ. ಬಲವನ್ನು ಗಂಡಸುತನದ ಪುರಾವೆಯೆಂದು ನಂಬಿ ಕುಳಿತವರಿಗೆ ಅಂದು ಏನನ್ನಿಸಿತೋ!

ಅಯ್ಯರ್ 1980ರಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ಜಗತ್ತಿಗೆ ಮಾದರಿಯಾಗಿ ನಿಲ್ಲಿಸಿದ ಈ ಮನುಷ್ಯ, ಆ ಛಾಯಾಚಿತ್ರಗಳು ಅಚ್ಚಾಗಿ ಎಷ್ಟೋ ವರ್ಷಗಳಾದ ಮೇಲೆ ಒಂದು ಸಣ್ಣ ಇಂಗ್ಲಿಷ್ ಕಥೆಯ ಎಳೆ ಹಿಡಿದು ಬರೆದ ಕಾದಂಬರಿಗೆ ‘ರೂಪದರ್ಶಿ’ ಎಂದು ಹೆಸರಿಟ್ಟದ್ದು ಆಕಸ್ಮಿಕವಿರಲಾರದು. ಚಿತ್ರಕಾರನ ಎದುರು ಮಾದರಿಯಾಗಿ ಕೂರುವವನೇ ರೂಪದರ್ಶಿ. ಕಥೆ ನಡೆಯುವುದು ಇಟಲಿಯಲ್ಲಿ. ಚಿತ್ರಕಾರನೊಬ್ಬ ಬಾಲಯೇಸುವನ್ನು ಬಿಡಿಸಲು ಮುಗ್ಧ ಮುಖವೊಂದನ್ನು ಹುಡುಕಿ, ಒಬ್ಬ ಹುಡುಗನನ್ನು ಕಂಡುಕೊಳ್ಳುತ್ತಾನೆ. ಚಿತ್ರ ಮುಗಿಯಲು ಇನ್ನೊಂದು ಮುಖ ಬೇಕು, ಯೇಸುವಿಗೆ ದ್ರೋಹ ಬಗೆದ ಜುದಾಸನದು. ಅಂಥ ಕ್ರೂರ, ಕೊಳೆತ ಮುಖ ಸಿಗದೆ ವರ್ಷಗಳೇ ಉರುಳುತ್ತವೆ. ಕಡೆಗೆ ಸಿಕ್ಕವನನ್ನು ಕರೆತಂದು ಕೂರಿಸಿದಾಗ ಅವನು ಗೋಡೆಯ ಮೇಲಿನ ಹಳೆಯ ಚಿತ್ರವನ್ನು ನೋಡಿ ಅಳುತ್ತಾನೆ. ಆ ಮಗುವೂ ತಾನೇ ಎಂದು ಹೇಳುತ್ತಾನೆ.